ಮರುತುಂಬಿ ಬಳಸುವ ಇಂಕ್ ಕಾರ್ಟ್ರಿಜ್‌ಗಳ ಎಕ್ಸ್‌ಪೈರಿ ದಿನಾಂಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಟ್ರಿಜ್‌ನಲ್ಲಿ ಇಂಕ್ ತುಂಬಿರುತ್ತದೆ, ಹಿಂದಿನ ದಿನದ ಮುದ್ರಣವೂ ಚೆನ್ನಾಗಿಯೇ ಬಂದಿರುತ್ತದೆ. ಆದರೂ ಮರುದಿನ ಬೆಳಿಗ್ಗೆ ಪ್ರಿಂಟರ್ ‘ಅವಧಿ ಮುಗಿದಿದೆ’ ಎಂದು ತೋರಿಸಿ ಕೆಲಸ ನಿಲ್ಲಿಸಿಬಿಡುತ್ತದೆ. ಕಟ್ಟಡದ ನಕ್ಷೆಗಳನ್ನು ಮುದ್ರಿಸಿಕೊಡುವ ಸಣ್ಣ ಕಚೇರಿಯೊಂದರಲ್ಲಿ ಪ್ರಿಂಟರ್‌ಗಳ ಉಸ್ತುವಾರಿ ನೋಡಿಕೊಳ್ಳುವ ನಾನು ಈ ಅನುಭವವನ್ನು ಹಲವು ಬಾರಿ ಪಡೆದಿದ್ದೇನೆ. ಅರ್ಧಕ್ಕಿಂತ ಹೆಚ್ಚು ಇಂಕ್ ಉಳಿದಿದ್ದ ಕಾರ್ಟ್ರಿಜ್‌ಗಳನ್ನು ಆರಂಭದ ದಿನಗಳಲ್ಲಿ ಕಸಕ್ಕೆ ಹಾಕಿದ್ದೇನೆ ಎಂಬ ಬೇಸರ ಈಗಲೂ ಇದೆ. ಪರಿಚಿತರು, ಗ್ರಾಹಕರು ಮತ್ತು ಇತರ ಕಚೇರಿಗಳವರು ನನ್ನನ್ನು ಕೇಳಿದ ಪ್ರಶ್ನೆಗಳನ್ನೂ ಅವುಗಳಿಗೆ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಕಾರ್ಟ್ರಿಜ್‌ನ ಮೇಲೆ ಅಚ್ಚಾಗಿರುವ ದಿನಾಂಕ ಯಾವುದಕ್ಕೆ ಸಂಬಂಧಿಸಿದ್ದು?

ಈ ವಿಷಯದಲ್ಲಿ ಉಂಟಾಗುವ ಗೊಂದಲದ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ, ಏಕೆಂದರೆ ನಾವು ‘ಎಕ್ಸ್‌ಪೈರಿ’ ಎಂಬ ಒಂದೇ ಮಾತಿನಿಂದ ಮೂರು ಬೇರೆ ಬೇರೆ ದಿನಾಂಕಗಳನ್ನು ಕರೆಯುತ್ತೇವೆ. ಮೊದಲನೆಯದು ವಾರಂಟಿ ಕೊನೆಗೊಳ್ಳುವ ದಿನಾಂಕ. ಎಚ್‌ಪಿ ಕಾರ್ಟ್ರಿಜ್‌ಗಳ ಮೇಲೆ ವರ್ಷ ಮತ್ತು ತಿಂಗಳಿನ ರೂಪದಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಇದೇ. ಆ ದಿನದ ನಂತರ ಕಾರ್ಟ್ರಿಜ್ ಕೈಕೊಟ್ಟರೆ ಕಂಪನಿ ಬದಲಿ ಕೊಡುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಎರಡನೆಯದು ‘ಇಷ್ಟರೊಳಗೆ ಅಳವಡಿಸಿ’ ಅಥವಾ ‘ಇಷ್ಟರೊಳಗೆ ಬಳಸಿದರೆ ಉತ್ತಮ’ ಎಂಬ ಸಲಹೆಯ ದಿನಾಂಕ. ಇದು ಪೆಟ್ಟಿಗೆಯ ಮೇಲಿರುತ್ತದೆ. ಮೂರನೆಯದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಅದು ಕಾರ್ಟ್ರಿಜ್‌ಗೆ ಅಂಟಿಸಿರುವ ಪುಟ್ಟ ಚಿಪ್‌ನ ನೆನಪಿನಲ್ಲಿರುತ್ತದೆ, ಮತ್ತು ಪ್ರಿಂಟರ್ ಅದನ್ನು ಓದಿ ಮುದ್ರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ನಿಮ್ಮ ಕೆಲಸವನ್ನು ನಿಲ್ಲಿಸುವ ಶಕ್ತಿ ಇರುವುದು ಈ ಮೂರನೆಯ ದಿನಾಂಕಕ್ಕೆ ಮಾತ್ರ. ಇಂಕ್ ನಿಜಕ್ಕೂ ಹೇಗಿದೆ ಎಂಬುದು ಈ ಮೂರರಿಂದಲೂ ಬೇರೆಯಾದ ನಾಲ್ಕನೆಯ ಸಂಗತಿ. ಅದನ್ನು ನಾವೇ ಪರೀಕ್ಷಿಸಿ ತಿಳಿಯಬೇಕು.

ಎಲ್ಲ ಪ್ರಿಂಟರ್‌ಗಳೂ ದಿನಾಂಕ ನೋಡಿ ನಿಲ್ಲುತ್ತವೆಯೇ?

ಇಲ್ಲ. ಮನೆಯಲ್ಲಿ ಬಳಸುವ ಬಹುಪಾಲು ಪ್ರಿಂಟರ್‌ಗಳಿಗೆ ಈ ತೊಂದರೆ ಇಲ್ಲವೇ ಇಲ್ಲ. ಎಚ್‌ಪಿ 21, 22, 802, 803ರಂತಹ ಕಾರ್ಟ್ರಿಜ್‌ಗಳಲ್ಲಿ ಇಂಕ್ ಸಿಡಿಸುವ ಪ್ರಿಂಟ್‌ಹೆಡ್ ಕಾರ್ಟ್ರಿಜ್‌ನ ತಳದಲ್ಲೇ ಇರುತ್ತದೆ. ಹಳೆಯ ಇಂಕ್‌ನಿಂದ ಹೆಡ್ ಕೆಟ್ಟರೂ ಹೊಸ ಕಾರ್ಟ್ರಿಜ್ ಹಾಕಿದೊಡನೆ ಹೊಸ ಹೆಡ್ ಕೂಡ ಬರುತ್ತದೆ, ಪ್ರಿಂಟರ್‌ಗೆ ಹಾನಿಯಾಗುವುದಿಲ್ಲ. ಕ್ಯಾನನ್‌ನ ಇದೇ ಬಗೆಯ ಕಾರ್ಟ್ರಿಜ್‌ಗಳಿಗೂ ಈ ಮಾತು ಸಲ್ಲುತ್ತದೆ. ಎಪ್ಸನ್ ತನ್ನ ಕಾರ್ಟ್ರಿಜ್‌ಗಳನ್ನು ಪೊಟ್ಟಣ ಒಡೆದ ಆರು ತಿಂಗಳೊಳಗೆ ಬಳಸುವಂತೆ ಹೇಳುತ್ತದೆ. ಆದರೆ ಅದರ ಚಿಪ್ ಮುಖ್ಯವಾಗಿ ಲೆಕ್ಕವಿಡುವುದು ಖರ್ಚಾದ ಇಂಕ್‌ನ ಪ್ರಮಾಣವನ್ನು.

ದಿನಾಂಕದ ತಡೆ ಇರುವುದು ಮುಖ್ಯವಾಗಿ ಎಚ್‌ಪಿಯ ಹಳೆಯ ಕಚೇರಿ ಪ್ರಿಂಟರ್‌ಗಳಲ್ಲಿ, ಅಂದರೆ ಇಂಕ್ ಕಾರ್ಟ್ರಿಜ್ ಒಂದೆಡೆ, ಪ್ರಿಂಟ್‌ಹೆಡ್ ಇನ್ನೊಂದೆಡೆ, ನಡುವೆ ತೆಳುವಾದ ಕೊಳವೆಗಳು ಇರುವ ಯಂತ್ರಗಳಲ್ಲಿ. ಬಿಸಿನೆಸ್ ಇಂಕ್‌ಜೆಟ್ 2200 ಸಾಲಿನ ಪ್ರಿಂಟರ್‌ಗಳು ಮತ್ತು ಅವುಗಳಲ್ಲಿ ಕೂರುವ 10 ಹಾಗೂ 11ನೇ ಸಂಖ್ಯೆಯ ಕಾರ್ಟ್ರಿಜ್‌ಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಮೊದಲ ಬಾರಿ ಅಳವಡಿಸಿದ 30 ತಿಂಗಳಿಗೆ, ಅಥವಾ ತಯಾರಾದ ಸುಮಾರು ನಾಲ್ಕೂವರೆ ವರ್ಷಕ್ಕೆ, ಯಾವುದು ಮೊದಲೋ ಆ ದಿನಕ್ಕೆ ಕಾರ್ಟ್ರಿಜ್‌ನ ಆಯುಷ್ಯ ಮುಗಿಯಿತೆಂದು ಈ ಬಗೆಯ ಯಂತ್ರಗಳು ಲೆಕ್ಕ ಹಾಕುತ್ತವೆ. ಇಂತಹ ಯಂತ್ರಗಳು ಬಲು ಗಟ್ಟಿ. ಹೊಸದಾಗಿ ಮಾರಾಟವಾಗುವುದು ನಿಂತು ವರ್ಷಗಳೇ ಕಳೆದರೂ ದುಡಿಯುತ್ತಿರುವ ಯಂತ್ರಗಳಿವೆ. ಆದ್ದರಿಂದಲೇ ಈ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಇವತ್ತಿನ ತಾರೀಖು ಯಾವುದೆಂದು ಪ್ರಿಂಟರ್‌ಗೆ ಹೇಗೆ ತಿಳಿಯುತ್ತದೆ?

ಎರಡು ದಾರಿಗಳಿವೆ. ಕೆಲವು ಪ್ರಿಂಟರ್‌ಗಳ ಒಳಗಿನ ಬೋರ್ಡಿನಲ್ಲಿಯೇ ಗಡಿಯಾರವಿರುತ್ತದೆ. ವಿದ್ಯುತ್ ಇಲ್ಲದಾಗಲೂ ಅದು ನಡೆಯುವಂತೆ ಗುಂಡಿಯಾಕಾರದ ಚಿಕ್ಕ ಬ್ಯಾಟರಿಯನ್ನು ಕೂರಿಸಿರುತ್ತಾರೆ. ಇನ್ನು ಕೆಲವಕ್ಕೆ ತಮ್ಮದೇ ಗಡಿಯಾರವಿರುವುದಿಲ್ಲ. ಕಂಪ್ಯೂಟರ್ ಮುದ್ರಣದ ಕೆಲಸವನ್ನು ಕಳುಹಿಸುವಾಗ ಅದರೊಂದಿಗೆ ತಾರೀಖನ್ನೂ ಕಳುಹಿಸುತ್ತದೆ. ಯಾವ ದಾರಿಯಿಂದ ಬಂದರೂ ಪ್ರಿಂಟರ್ ಆ ತಾರೀಖನ್ನು ಚಿಪ್‌ನಲ್ಲಿರುವ ದಿನಾಂಕದೊಂದಿಗೆ ಹೋಲಿಸುತ್ತದೆ. ಮೊದಲ ಬಾರಿ ಕಾರ್ಟ್ರಿಜ್ ಅಳವಡಿಸಿದಾಗ ಆ ದಿನವನ್ನು ಪ್ರಿಂಟರ್ ಚಿಪ್‌ನ ಮೇಲೆಯೇ ಬರೆದುಬಿಡುವುದರಿಂದ, ಅದೇ ಕಾರ್ಟ್ರಿಜ್ ಅನ್ನು ಇನ್ನೊಂದು ಪ್ರಿಂಟರ್‌ಗೆ ಹಾಕಿದರೂ ಲೆಕ್ಕ ಹೊಸದಾಗಿ ಆರಂಭವಾಗುವುದಿಲ್ಲ. ಮುಂದೆ ಹೇಳುವ ಪ್ರತಿಯೊಂದು ಉಪಾಯವೂ ಈ ಹೋಲಿಕೆಯ ಎರಡು ಬದಿಗಳಲ್ಲಿ ಒಂದನ್ನು, ಅಂದರೆ ಪ್ರಿಂಟರ್ ನಂಬಿರುವ ಇವತ್ತಿನ ತಾರೀಖನ್ನು ಅಥವಾ ಚಿಪ್ ಹೇಳುವ ಕೊನೆಯ ತಾರೀಖನ್ನು, ಬದಲಿಸುವುದೇ ಆಗಿದೆ.

ಇಂಕ್ ನಿಜಕ್ಕೂ ಹಾಳಾಗುತ್ತದೆಯೇ, ಅಥವಾ ಇದು ಕೇವಲ ಮಾರಾಟದ ತಂತ್ರವೇ?

ಎರಡೂ ಮಾತುಗಳಲ್ಲಿ ಸತ್ಯವಿದೆ, ಆದ್ದರಿಂದ ಇದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು.

ಇಂಕ್‌ಜೆಟ್ ಪ್ರಿಂಟರ್‌ನ ಇಂಕ್‌ನ ಬಹುಭಾಗ ನೀರು. ಅದರೊಂದಿಗೆ ಬಣ್ಣ, ಬೇಗ ಒಣಗದಂತೆ ತಡೆಯುವ ಗ್ಲೈಕಾಲ್ ಅಥವಾ ಗ್ಲಿಸರಿನ್‌ನಂತಹ ದ್ರವ, ಕಾಗದದ ಮೇಲೆ ಸರಿಯಾಗಿ ಹರಡುವಂತೆ ಮಾಡುವ ಪದಾರ್ಥ, ಬೂಷ್ಟು ಹಿಡಿಯದಂತೆ ಕಾಪಾಡುವ ಔಷಧ ಇವೆಲ್ಲ ಸೇರಿರುತ್ತವೆ. ಪ್ಲಾಸ್ಟಿಕ್ ಎಷ್ಟೇ ಗಟ್ಟಿಯಾಗಿ ಮುಚ್ಚಿದ್ದರೂ ನೀರಿನ ಆವಿ ಅದರ ಮೂಲಕ ಬಹಳ ನಿಧಾನವಾಗಿ ಹೊರಹೋಗುತ್ತಲೇ ಇರುತ್ತದೆ, ಅದೇ ರೀತಿ ಗಾಳಿ ಒಳಗೆ ಬರುತ್ತಿರುತ್ತದೆ. ನೀರು ಕಡಿಮೆಯಾದಂತೆ ಇಂಕ್ ಮಂದವಾಗುತ್ತದೆ; ಕೂದಲಿಗಿಂತಲೂ ಸಪೂರವಾದ ನಾಜಲ್‌ಗಳಲ್ಲಿ, ಅಂದರೆ ಇಂಕ್ ಹೊರಬರುವ ರಂಧ್ರಗಳಲ್ಲಿ, ಮಂದವಾದ ಇಂಕ್ ಸರಾಗವಾಗಿ ಹರಿಯುವುದಿಲ್ಲ. ಇಂಕ್‌ನಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಹೊರಬಂದು ಕೊಳವೆಯಲ್ಲಿ ಸೇರಿಕೊಂಡರೆ ಗೆರೆಗಳು ತುಂಡಾಗುತ್ತವೆ. ಬಣ್ಣದ ಪುಡಿಯನ್ನು ತೇಲಿಸಿಟ್ಟಿರುವ ಪಿಗ್ಮೆಂಟ್ ಇಂಕ್‌ನಲ್ಲಿ ಇನ್ನೊಂದು ತೊಂದರೆಯಿದೆ: ಬಹಳ ದಿನ ಅಲುಗಾಡದೆ ಇಟ್ಟರೆ ಕಣಗಳು ತಳಕ್ಕಿಳಿಯುತ್ತವೆ, ಕೆಲವೊಮ್ಮೆ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಪೂರ್ತಿ ಕರಗಿರುವ ಡೈ ಇಂಕ್‌ಗೆ ಈ ಭಯ ಕಡಿಮೆ.

ಎಚ್‌ಪಿ ಮುಂದಿಟ್ಟ ಕಾರಣವೂ ಇದೇ: ಆವಿಯಾಗುವಿಕೆ ಮತ್ತು ಒಳನುಗ್ಗುವ ಗಾಳಿಯಿಂದ ಇಂಕ್‌ನ ಕೊಳವೆಗಳಿಗೂ ಹೆಡ್‌ಗೂ ಹಾನಿಯಾಗಬಹುದು ಎಂದು. ಹೆಡ್ ಪ್ರಿಂಟರ್‌ನಲ್ಲಿಯೇ ಉಳಿಯುವ ಯಂತ್ರಗಳಲ್ಲಿ ಈ ಎಚ್ಚರಿಕೆಗೆ ಅರ್ಥವಿದೆ, ಏಕೆಂದರೆ ಅಲ್ಲಿ ಕೆಡುವುದು ಅಗ್ಗದ ಭಾಗವಲ್ಲ. ಆದರೆ ಎಚ್ಚರಿಕೆ ಕೊಡುವುದಕ್ಕೂ ಕೆಲಸವನ್ನೇ ನಿಲ್ಲಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಒಂದೇ ದಿನ ತಯಾರಾದ ಎರಡು ಕಾರ್ಟ್ರಿಜ್‌ಗಳಲ್ಲಿ ಒಂದು ತಂಪಾದ ಕಪಾಟಿನಲ್ಲಿ ಇದ್ದಿರಬಹುದು, ಇನ್ನೊಂದು ಬಿಸಿಲಿಗೆ ಕಾದ ತಗಡಿನ ಗೋದಾಮಿನಲ್ಲಿ ಇದ್ದಿರಬಹುದು. ಚಿಪ್‌ನ ದಿನಾಂಕಕ್ಕೆ ಈ ಎರಡರ ನಡುವಿನ ಭೇದ ತಿಳಿಯದು. ಮೇಲಾಗಿ, ಮರುತುಂಬಿದ ಕಾರ್ಟ್ರಿಜ್‌ನಲ್ಲಿರುವ ಇಂಕ್ ನಿನ್ನೆಯಷ್ಟೇ ತುಂಬಿದ ಹೊಸ ಇಂಕ್ ಆಗಿರುತ್ತದೆ. ಹಳೆಯದಾಗಿರುವುದು ಪ್ಲಾಸ್ಟಿಕ್ ಕವಚ ಮಾತ್ರ. ಅಂತಹ ಸಂದರ್ಭದಲ್ಲಿ ಚಿಪ್ ಹೇಳುವ ದಿನಾಂಕಕ್ಕೂ ಒಳಗಿರುವ ಇಂಕ್‌ಗೂ ಯಾವ ಸಂಬಂಧವೂ ಇರುವುದಿಲ್ಲ. ಮರುಬಳಕೆ ಮಾಡುವವರಿಗೆ ಈ ತಡೆಯನ್ನು ದಾಟುವ ನ್ಯಾಯವಾದ ಕಾರಣವಿದೆ ಎಂದು ನಾನು ಹೇಳುವುದು ಈ ಆಧಾರದ ಮೇಲೆಯೇ.

ಹಳೆಯ ಇಂಕ್ ಬಳಸಲು ಯೋಗ್ಯವೇ ಎಂದು ಮನೆಯಲ್ಲಿ ಹೇಗೆ ಪರೀಕ್ಷಿಸುವುದು?

ಉಪಾಯಗಳ ಕಡೆಗೆ ಹೋಗುವ ಮೊದಲು ಈ ಪರೀಕ್ಷೆ ಆಗಲೇಬೇಕು. ಕಾರ್ಟ್ರಿಜ್ ಇನ್ನೂ ಬಿಚ್ಚದ್ದಾದರೆ ಅದನ್ನು ತೂಗಿ ನೋಡಿ. ಅದೇ ಸಂಖ್ಯೆಯ ಹೊಸ ಕಾರ್ಟ್ರಿಜ್‌ನ ತೂಕಕ್ಕಿಂತ ಗಮನಾರ್ಹವಾಗಿ ಹಗುರವಾಗಿದ್ದರೆ ಅಷ್ಟು ನೀರು ಆವಿಯಾಗಿದೆ ಎಂದು ತಿಳಿಯಬೇಕು. ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ತಕ್ಕಡಿಯೇ ಇದಕ್ಕೆ ಸಾಕು. ಹೊಸದಾಗಿ ತಂದ ಪ್ರತಿಯೊಂದು ಕಾರ್ಟ್ರಿಜ್‌ನ ತೂಕವನ್ನೂ ಅದರ ಮೇಲೆಯೇ ಮಾರ್ಕರ್ ಪೆನ್ನಿನಿಂದ ಬರೆದಿಡುವ ರೂಢಿಯನ್ನು ನಾನು ಮಾಡಿಕೊಂಡಿದ್ದೇನೆ, ಅದರಿಂದ ಬಹಳ ಪ್ರಯೋಜನವಾಗಿದೆ.

ಬಿಚ್ಚಿದ್ದಾದರೆ ಸಿರಿಂಜ್‌ನಿಂದ ಒಂದೆರಡು ಹನಿ ತೆಗೆದು ಕಾಫಿ ಸೋಸುವ ಕಾಗದದ ಮೇಲೆ ಬಿಡಿ. ಒಳ್ಳೆಯ ಇಂಕ್ ಸುತ್ತಲೂ ಒಂದೇ ಸಮನೆ ಹರಡುತ್ತದೆ. ನಡುವೆ ಗಸಿಯಂತಹ ಕಪ್ಪು ಚುಕ್ಕಿ ಉಳಿದು ಅಂಚಿನಲ್ಲಿ ಮಾತ್ರ ತಿಳಿಬಣ್ಣದ ನೀರು ಹರಡಿದರೆ ಕಣಗಳು ಗಂಟುಕಟ್ಟಿವೆ ಎಂದೇ ಅರ್ಥ, ಅದನ್ನು ಬಳಸಬಾರದು. ಕೊಳೆತ ವಾಸನೆ ಬಂದರೂ, ಲೋಳೆಯಂತೆ ಎಳೆ ಬಂದರೂ ಬಳಸಬಾರದು. ಈ ಪರೀಕ್ಷೆಗಳಲ್ಲಿ ಗೆದ್ದ ಇಂಕ್ ಅನ್ನು ಪ್ರಿಂಟರ್‌ಗೆ ಹಾಕಿ, ಮೊದಲು ನಾಜಲ್ ಪರೀಕ್ಷೆಯ ಪುಟವನ್ನು ಮುದ್ರಿಸಿ, ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಮುದ್ರಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡನೆಯ ಪುಟದಲ್ಲಿ ಗೆರೆಗಳು ಹೆಚ್ಚು ತುಂಡಾಗಿದ್ದರೆ ಗಾಳಿ ಸೇರುತ್ತಿದೆ ಅಥವಾ ಇಂಕ್ ಬೇಗ ಒಣಗುತ್ತಿದೆ.

ಪರೀಕ್ಷೆಯಲ್ಲಿ ಇಂಕ್ ಚೆನ್ನಾಗಿದೆ ಎಂದು ಖಚಿತವಾಯಿತು. ಈಗ ಮೊದಲು ಏನು ಮಾಡಬೇಕು?

ಪ್ರಿಂಟರ್ ಪರದೆಯ ಮೇಲೆ ಬಂದಿರುವ ಸಂದೇಶವನ್ನು ಪೂರ್ತಿಯಾಗಿ ಓದಬೇಕು. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಬಳಿ ಬರುವವರಲ್ಲಿ ಅನೇಕರಿಗೆ ಬೇರೆ ಯಾವ ಉಪಾಯವೂ ಬೇಕಾಗಿರುವುದಿಲ್ಲ. ಹಲವು ಮಾದರಿಗಳಲ್ಲಿ ಅವಧಿ ಮುಗಿದ ಸಂದೇಶದ ಜೊತೆಗೇ ‘ಮುಂದುವರಿಯಲು ಓಕೆ ಒತ್ತಿ’ ಎಂಬ ಅವಕಾಶವಿರುತ್ತದೆ. ಇದರಿಂದ ಹಾನಿಯಾದರೆ ವಾರಂಟಿ ಅನ್ವಯಿಸುವುದಿಲ್ಲ ಎಂಬುದಕ್ಕೆ ನೀವು ಒಪ್ಪಿಗೆ ಕೊಟ್ಟಂತಾಗುತ್ತದೆ, ಅಷ್ಟೇ. ಸಂದೇಶ ಕಂಪ್ಯೂಟರ್‌ನ ಪರದೆಯಲ್ಲಿ ಬಂದಿದ್ದರೆ ಪ್ರಿಂಟರ್‌ನ ಮುಂಭಾಗದ ಪರದೆಯನ್ನೂ, ಅಲ್ಲಿ ಬಂದಿದ್ದರೆ ಕಂಪ್ಯೂಟರ್‌ನ ಪರದೆಯನ್ನೂ ನೋಡಿ. ಒಪ್ಪಿಗೆಯ ಗುಂಡಿ ಇನ್ನೊಂದು ಕಡೆ ಇರುವುದುಂಟು.

ಕಂಪ್ಯೂಟರ್‌ನ ತಾರೀಖನ್ನು ಹಿಂದಕ್ಕೆ ತಿರುಗಿಸಿದರೆ ಪ್ರಿಂಟರ್ ಮುದ್ರಿಸುತ್ತದೆ ಎನ್ನುತ್ತಾರಲ್ಲ?

ತನ್ನದೇ ಗಡಿಯಾರವಿಲ್ಲದ, ಕಂಪ್ಯೂಟರ್ ಕಳುಹಿಸುವ ತಾರೀಖನ್ನೇ ನಂಬುವ ಪ್ರಿಂಟರ್‌ಗಳಲ್ಲಿ ಇದು ಕೆಲಸ ಮಾಡಬಲ್ಲದು. ಪ್ರಿಂಟರ್ ಅನ್ನು ಆಫ್ ಮಾಡಿ, ಕಂಪ್ಯೂಟರ್‌ನಲ್ಲಿ ಸಮಯ ತಾನಾಗಿಯೇ ಸರಿಹೊಂದುವ ಆಯ್ಕೆಯನ್ನು ತೆಗೆದುಹಾಕಿ, ತಾರೀಖನ್ನು ಚಿಪ್‌ನ ಅವಧಿಗಿಂತ ಹಿಂದಿನ ದಿನಕ್ಕೆ ಹೊಂದಿಸಿ, ನಂತರ ಪ್ರಿಂಟರ್ ಹಚ್ಚಿ ಮುದ್ರಣಕ್ಕೆ ಕೊಡಬೇಕು. ಒಂದಕ್ಕಿಂತ ಹೆಚ್ಚು ಕಂಪ್ಯೂಟರ್‌ಗಳು ಅದೇ ಪ್ರಿಂಟರ್‌ಗೆ ಜೋಡಣೆಯಾಗಿದ್ದರೆ ಉಳಿದವುಗಳಲ್ಲಿ ಒಂದು ಸರಿಯಾದ ತಾರೀಖನ್ನು ಕಳುಹಿಸಿದ ಕೂಡಲೇ ತಡೆ ಮತ್ತೆ ಬರುತ್ತದೆ.

ಆದರೆ ಈ ಉಪಾಯವನ್ನು ದಿನನಿತ್ಯದ ಕಂಪ್ಯೂಟರ್‌ನಲ್ಲಿ ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ತಾರೀಖು ತಪ್ಪಾಗಿದ್ದರೆ ಬ್ಯಾಂಕಿನ ಜಾಲತಾಣಗಳು ಸುರಕ್ಷತೆಯ ಕಾರಣದಿಂದ ತೆರೆಯುವುದಿಲ್ಲ, ಕಡತಗಳ ಮೇಲೆ ತಪ್ಪು ದಿನಾಂಕ ಬೀಳುತ್ತದೆ, ಲೆಕ್ಕಪತ್ರದ ತಂತ್ರಾಂಶದಲ್ಲಿ ಬಿಲ್ಲುಗಳು ಹಳೆಯ ತಾರೀಖಿನಲ್ಲಿ ದಾಖಲಾಗುವ ಅಪಾಯವಿದೆ. ಬದಿಗಿಟ್ಟ ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಅದನ್ನು ಇಂಟರ್‌ನೆಟ್‌ನಿಂದ ಬಿಡಿಸಿ ಮುದ್ರಣಕ್ಕೆ ಮಾತ್ರ ಮೀಸಲಿಡುವುದು ಒಳ್ಳೆಯದು.

ಪ್ರಿಂಟರ್‌ನ ಒಳಗಿನ ಬ್ಯಾಟರಿ ತೆಗೆಯುವ ಉಪಾಯ ಏನು?

ತನ್ನದೇ ಗಡಿಯಾರವಿರುವ ಪ್ರಿಂಟರ್‌ನಲ್ಲಿ ಗುಂಡಿ ಬ್ಯಾಟರಿಯನ್ನು ತೆಗೆದರೆ ಗಡಿಯಾರ ತನ್ನ ನೆನಪನ್ನು ಕಳೆದುಕೊಂಡು ಕಾರ್ಖಾನೆಯಲ್ಲಿ ಹೊಂದಿಸಿದ ಹಳೆಯ ತಾರೀಖಿಗೆ ಮರಳುತ್ತದೆ. ಮೊದಲು ಗೋಡೆಯ ಸಾಕೆಟ್‌ನಿಂದ ಪ್ಲಗ್ ಕಿತ್ತು ಕೆಲವು ನಿಮಿಷ ಕಾಯಬೇಕು, ಮೈಯಲ್ಲಿನ ಸ್ಥಾಯಿವಿದ್ಯುತ್ ಹೋಗಲು ಯಾವುದಾದರೂ ಲೋಹದ ವಸ್ತುವನ್ನು ಮುಟ್ಟಬೇಕು, ಆಮೇಲೆ ಮುಚ್ಚಳ ಬಿಚ್ಚಿ ಬ್ಯಾಟರಿಯನ್ನು ತೆಗೆಯಬೇಕು. ಬೋರ್ಡಿಗೆ ಬೆಸುಗೆ ಹಾಕಿದ ಬ್ಯಾಟರಿಯನ್ನು ಕೀಳಲು ಪ್ರಯತ್ನಿಸಬಾರದು. ಬ್ಯಾಟರಿ ತೆಗೆದ ಮೇಲೆ ಫ್ಯಾಕ್ಸ್ ಸಂಖ್ಯೆ, ನೆಟ್‌ವರ್ಕ್ ವಿಳಾಸ ಮುಂತಾದ ಹೊಂದಾಣಿಕೆಗಳು ಅಳಿಸಿಹೋಗಬಹುದು, ಆದ್ದರಿಂದ ಮೊದಲೇ ಅವುಗಳ ಪುಟವೊಂದನ್ನು ಮುದ್ರಿಸಿಟ್ಟುಕೊಳ್ಳಬೇಕು. ನೆಟ್‌ವರ್ಕ್‌ನಿಂದ ತಾರೀಖು ಪಡೆಯುವ ಹೊಸ ಪ್ರಿಂಟರ್‌ಗಳಲ್ಲಿ ಇದರಿಂದ ಉಪಯೋಗವಿಲ್ಲ.

ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿಲ್ಲದವರು ಈ ದಾರಿಗೆ ಹೋಗದಿರುವುದೇ ಲೇಸು.

ಚಿಪ್ ಅನ್ನೇ ಬದಲಿಸಬಹುದೇ?

ಬದಲಿಸಬಹುದು, ಮತ್ತು ಮರುತುಂಬಿ ಬಳಸುವವರಿಗೆ ಇದೇ ಹೆಚ್ಚು ಅಚ್ಚುಕಟ್ಟಾದ ದಾರಿ ಎಂಬುದು ನನ್ನ ಅಭಿಪ್ರಾಯ. ಅವಧಿ ಮುಗಿದ ಚಿಪ್‌ನಲ್ಲಿರುವ ದಿನಾಂಕವನ್ನು ಅಳಿಸಿ ಬರೆಯಲು ಮನೆಯಲ್ಲಿ ಸಾಧ್ಯವಾಗುವುದಿಲ್ಲ. ಎಪ್ಸನ್ ಚಿಪ್‌ಗಳ ಇಂಕ್ ಲೆಕ್ಕವನ್ನು ಹೊಸದಾಗಿಸಲು ಸಿಗುವ, ಸೂಜಿಗಳಿಂದ ಚಿಪ್ ಮುಟ್ಟುವ ಪುಟ್ಟ ರೀಸೆಟರ್‌ಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆದರೆ ನಿಮ್ಮ ಕಾರ್ಟ್ರಿಜ್‌ನ ಸಂಖ್ಯೆಗೆ ಸರಿಹೊಂದುವ ಬಿಡಿ ಚಿಪ್‌ಗಳು ಮಾರುಕಟ್ಟೆಯಲ್ಲಿ ಸಿಕ್ಕರೆ ಹಳೆಯದನ್ನು ತೆಳುವಾದ ಬ್ಲೇಡಿನಿಂದ ನಿಧಾನವಾಗಿ ಎಬ್ಬಿಸಿ, ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ಹೊಸದನ್ನು ಅಂಟಿಸಬೇಕು. ಅಂಟು ಚಿನ್ನದ ಬಣ್ಣದ ಸಂಪರ್ಕಗಳ ಮೇಲೆ ಬರಬಾರದು, ಎತ್ತರ ಒಂದು ಕೂದಲೆಳೆಯಷ್ಟು ಹೆಚ್ಚಾದರೂ ಪ್ರಿಂಟರ್ ಕಾರ್ಟ್ರಿಜ್ ಅನ್ನು ಗುರುತಿಸುವುದಿಲ್ಲ.

ಚಿಪ್ ಸಿಗದಿದ್ದರೆ ಇನ್ನೊಂದು ಸರಳ ದಾರಿಯಿದೆ. ಇತ್ತೀಚೆಗೆ ಖಾಲಿಯಾದ, ಇನ್ನೂ ಅವಧಿ ಉಳಿದಿರುವ ಅದೇ ಸಂಖ್ಯೆಯ ಕಾರ್ಟ್ರಿಜ್‌ಗೆ ಅವಧಿ ಮುಗಿದ ಕಾರ್ಟ್ರಿಜ್‌ನ ಒಳ್ಳೆಯ ಇಂಕ್ ಅನ್ನು ಸಿರಿಂಜ್‌ನಿಂದ ವರ್ಗಾಯಿಸುವುದು. ಇಂಕ್ ಮುಗಿದಿದೆ ಎಂದು ಚಿಪ್ ಹೇಳುತ್ತಿದ್ದರೂ ಹಲವು ಪ್ರಿಂಟರ್‌ಗಳು ಎಚ್ಚರಿಕೆ ತೋರಿಸಿ ಮುಂದುವರಿಯುತ್ತವೆ. 10 ಮತ್ತು 11ನೇ ಸಂಖ್ಯೆಯ ಕಾರ್ಟ್ರಿಜ್‌ಗಳಲ್ಲಿ ಗಟ್ಟಿ ಕವಚದೊಳಗೆ ಮೆತ್ತನೆಯ ಇಂಕ್ ಚೀಲವಿರುತ್ತದೆ. ಅದಕ್ಕೆ ತುಂಬುವಾಗ ಮೊದಲು ಚೀಲದೊಳಗಿನ ಗಾಳಿಯನ್ನು ಪೂರ್ತಿಯಾಗಿ ಎಳೆದು, ನಂತರ ಇಂಕ್ ಅನ್ನು ನಿಧಾನವಾಗಿ ತಳ್ಳಬೇಕು. ಒಂದೆರಡು ಮಿಲಿಲೀಟರ್ ಗಾಳಿ ಉಳಿದರೂ ಅದು ಕೊಳವೆಗೆ ಸೇರಿ ವಾರಗಟ್ಟಲೆ ಕಾಡುತ್ತದೆ. ಪಿಗ್ಮೆಂಟ್ ಇಂಕ್ ಮತ್ತು ಡೈ ಇಂಕ್ ಅನ್ನು ಯಾವ ಕಾರಣಕ್ಕೂ ಬೆರೆಸಬಾರದು, ಬೆರೆತರೆ ಹೆಪ್ಪುಗಟ್ಟಿ ಹೆಡ್ ಮುಚ್ಚಿಹೋಗಬಹುದು.

ಆಟೋ ರೀಸೆಟ್ ಚಿಪ್ ಇರುವ ರೀಫಿಲ್ ಕಾರ್ಟ್ರಿಜ್ ಕೊಂಡಿದ್ದೇನೆ. ಅದಕ್ಕೂ ಅವಧಿ ಮುಗಿದಿದೆ ಎಂದು ಬರುತ್ತಿದೆ, ಏಕೆ?

ಆಟೋ ರೀಸೆಟ್ ಎಂದರೆ ಇಂಕ್‌ನ ಪ್ರಮಾಣದ ಲೆಕ್ಕ ಮಾತ್ರ ಹೊಸದಾಗುತ್ತದೆ ಎಂದರ್ಥ. ದಿನಾಂಕ ಚಿಪ್ ತಯಾರಾದಾಗ ಬರೆದದ್ದೇ ಆಗಿರುತ್ತದೆ. ಅಂಗಡಿಯಲ್ಲಿ ಬಹುಕಾಲ ಉಳಿದ ಸರಕಾದರೆ ನಿಮ್ಮ ಕೈಗೆ ಬರುವ ಹೊತ್ತಿಗೆ ಆ ದಿನಾಂಕ ಹತ್ತಿರವಾಗಿರಬಹುದು ಅಥವಾ ಕಳೆದೇ ಹೋಗಿರಬಹುದು. ಕೊಳ್ಳುವ ಮುನ್ನ ಚಿಪ್ ಯಾವ ವರ್ಷದ್ದು ಎಂದು ಕೇಳಿ, ಬದಲಾಯಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಮ್ಮೆ ನಾನು ಹೀಗೆ ಕೇಳದೆ ಕೊಂಡು, ಒಬ್ಬ ಗ್ರಾಹಕರಿಗೆ ಮರುದಿನ ಪಾಲಿಕೆಗೆ ಸಲ್ಲಿಸಬೇಕಾಗಿದ್ದ ನಕ್ಷೆಗಳನ್ನು ಸಮಯಕ್ಕೆ ಕೊಡಲಾಗದೆ ಕಷ್ಟಪಟ್ಟಿದ್ದೇನೆ.

ನನ್ನ ಎಚ್‌ಪಿ 803 ಕಾರ್ಟ್ರಿಜ್ ಮರುತುಂಬಿದ ಮೇಲೆ ‘ಬಳಸಿದ ಕಾರ್ಟ್ರಿಜ್’ ಎಂಬ ಸಂದೇಶ ಬರುತ್ತದೆ. ಇದು ಎಕ್ಸ್‌ಪೈರಿಯೇ?

ಅಲ್ಲ. ಇದು ಪ್ರಿಂಟರ್ ಹಿಂದೆ ನೋಡಿದ ಕಾರ್ಟ್ರಿಜ್ ಅನ್ನು ಗುರುತು ಹಿಡಿದು ಕೊಡುವ ಮಾಹಿತಿ ಅಷ್ಟೇ. ಓಕೆ ಒತ್ತಿ ಮುಂದುವರಿಯಬಹುದು. ಇಂಕ್‌ನ ಮಟ್ಟ ಖಾಲಿಯೆಂದೇ ತೋರಿಸುತ್ತಿರುತ್ತದೆ, ಹಾಗಾಗಿ ಎಷ್ಟು ಪುಟ ಮುದ್ರಿಸಿದ್ದೀರಿ ಎಂಬ ಲೆಕ್ಕವನ್ನು ನೀವೇ ಇಡಬೇಕು. ಕ್ಯಾನನ್‌ನ ಹಲವು ಮಾದರಿಗಳಲ್ಲಿ ಸ್ಟಾಪ್ ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿದರೆ ಇಂಕ್ ಮಟ್ಟದ ಎಣಿಕೆ ನಿಂತು ಮುದ್ರಣ ಮುಂದುವರಿಯುತ್ತದೆ. ಎರಡರಲ್ಲೂ ಒಂದು ಎಚ್ಚರಿಕೆ ಮುಖ್ಯ: ಇವು ಇಂಕ್ ಅನ್ನು ಕಾಯಿಸಿ ಸಿಡಿಸುವ ಹೆಡ್‌ಗಳಾದ್ದರಿಂದ ಇಂಕ್ ಇಲ್ಲದೆ ಮುದ್ರಿಸಿದರೆ ಒಳಗಿನ ಸೂಕ್ಷ್ಮ ಹೀಟರ್‌ಗಳು ಸುಟ್ಟುಹೋಗುತ್ತವೆ. ಬಣ್ಣ ಮಸುಕಾದ ಕೂಡಲೇ ನಿಲ್ಲಿಸಿ ತುಂಬಬೇಕು, ಪೂರ್ತಿ ಒಣಗಲು ಬಿಡಬಾರದು.

ಪ್ರಿಂಟರ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಬಹುದೇ?

ಬದಲಿ ಚಿಪ್ ಬಳಸುವವರು ತಾನಾಗಿಯೇ ಆಗುವ ಅಪ್‌ಡೇಟ್ ಅನ್ನು ನಿಲ್ಲಿಸಿಡಬೇಕು ಎಂದೇ ನಾನು ಹೇಳುತ್ತೇನೆ. ಇದಕ್ಕೆ ಕಾರಣ 2016ರ ಸೆಪ್ಟೆಂಬರ್ 13ರ ಘಟನೆ. ಅಂದು ಹಲವು ದೇಶಗಳಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಪ್ರಿಂಟರ್‌ಗಳು ಹಿಂದಿನ ದಿನದವರೆಗೆ ಒಪ್ಪುತ್ತಿದ್ದ ಇತರ ಕಂಪನಿಗಳ ಚಿಪ್ ಇರುವ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ತಿರಸ್ಕರಿಸಿದವು. ಮೊದಲೇ ಬಂದಿದ್ದ ಫರ್ಮ್‌ವೇರ್‌ನಲ್ಲಿ ಆ ದಿನಾಂಕ ಅಡಗಿತ್ತು. ಜನರ ವಿರೋಧ ಹೆಚ್ಚಾದ ಮೇಲೆ ಅದೇ ತಿಂಗಳ ಕೊನೆಯಲ್ಲಿ ಕಂಪನಿ ಕ್ಷಮೆ ಕೇಳಿ, ಆ ತಡೆ ಇಲ್ಲದ ಫರ್ಮ್‌ವೇರ್ ಅನ್ನು ಬೇಕಾದವರಿಗೆ ಕೊಡುವುದಾಗಿ ತಿಳಿಸಿತು. ತಡೆಯ ಕ್ರಮ ಮಾತ್ರ ‘ಡೈನಾಮಿಕ್ ಸೆಕ್ಯುರಿಟಿ’ ಎಂಬ ಹೆಸರಿನಲ್ಲಿ ಮುಂದುವರಿದಿದೆ. ನೆಟ್‌ವರ್ಕ್‌ಗೆ ಜೋಡಿಸಿದ ಪ್ರಿಂಟರ್‌ನಲ್ಲಿ ಅಪ್‌ಡೇಟ್ ನಿಲ್ಲಿಸುವುದರಿಂದ ಸುರಕ್ಷತೆಯ ತಿದ್ದುಪಡಿಗಳೂ ತಪ್ಪುತ್ತವೆ ಎಂಬುದು ನಿಜ. ಅದಕ್ಕಾಗಿ ಅಂತಹ ಪ್ರಿಂಟರ್ ಅನ್ನು ಯುಎಸ್‌ಬಿ ತಂತಿಯಿಂದ ಒಂದೇ ಕಂಪ್ಯೂಟರ್‌ಗೆ ಜೋಡಿಸಿ ಇಟ್ಟುಕೊಳ್ಳುವುದು ಕ್ಷೇಮ.

ಅಮೆರಿಕದಲ್ಲಿರುವ ನನ್ನ ಮಗಳ ಪ್ರಿಂಟರ್ ಚಂದಾ ನಿಲ್ಲಿಸಿದ ಮೇಲೆ ಮುದ್ರಿಸುತ್ತಿಲ್ಲ. ಅದಕ್ಕೂ ಇದೇ ಉಪಾಯವೇ?

ಅವರು ಬಳಸುತ್ತಿರುವುದು ಎಚ್‌ಪಿಯ ‘ಇನ್‌ಸ್ಟಂಟ್ ಇಂಕ್’ ಯೋಜನೆಯ ಕಾರ್ಟ್ರಿಜ್ ಆಗಿದ್ದರೆ ಇಲ್ಲಿಯ ಯಾವ ಉಪಾಯವೂ ಅನ್ವಯಿಸುವುದಿಲ್ಲ. ಆ ಯೋಜನೆಯಲ್ಲಿ ಹಣ ಕೊಡುವುದು ಪುಟಗಳ ಲೆಕ್ಕಕ್ಕೆ. ಚಂದಾ ನಿಂತರೆ ಆ ಕಾರ್ಟ್ರಿಜ್ ಕೂಡ ನಿಲ್ಲುತ್ತದೆ. ಅಂಗಡಿಯಲ್ಲಿ ಕೊಂಡ ಸಾಮಾನ್ಯ ಕಾರ್ಟ್ರಿಜ್ ಹಾಕಿಕೊಳ್ಳಲು ಹೇಳಿ.

ಅವಧಿ ಮುಗಿದ ಅಥವಾ ಮರುತುಂಬಿದ ಕಾರ್ಟ್ರಿಜ್ ಹಾಕಿದರೆ ಪ್ರಿಂಟರ್‌ನ ವಾರಂಟಿ ಹೋಗುತ್ತದೆಯೇ?

ಹಾಕಿದ ಮಾತ್ರಕ್ಕೆ ಹೋಗುವುದಿಲ್ಲ. ಎಚ್‌ಪಿಯ ಸ್ವಂತ ವಾರಂಟಿ ಪತ್ರದಲ್ಲಿಯೇ, ಮರುತುಂಬಿದ ಅಥವಾ ಬೇರೆ ಕಂಪನಿಯ ಕಾರ್ಟ್ರಿಜ್ ಬಳಕೆಯಿಂದ ವಾರಂಟಿಗೆ ಬಾಧೆಯಿಲ್ಲ, ಆದರೆ ಕೆಟ್ಟಿರುವುದಕ್ಕೆ ಅಂತಹ ಕಾರ್ಟ್ರಿಜ್ ಅಥವಾ ಅವಧಿ ಮುಗಿದ ಇಂಕ್ ಕಾರಣವೆಂದು ಕಂಡುಬಂದರೆ ದುರಸ್ತಿಯ ಖರ್ಚನ್ನು ಗ್ರಾಹಕರೇ ಕೊಡಬೇಕು ಎಂಬ ಅರ್ಥದ ಮಾತಿದೆ. ಕಾಗದ ಎಳೆಯುವ ರೋಲರ್ ಸವೆದಿದ್ದರೆ ಅದಕ್ಕೆ ಇಂಕ್ ಕಾರಣವಲ್ಲ. ಸರ್ವಿಸ್ ಸೆಂಟರ್‌ನವರು ಕಾರ್ಟ್ರಿಜ್ ನೋಡಿ ಒಪ್ಪದಿದ್ದರೆ ವಾರಂಟಿ ಪತ್ರದ ಆ ಸಾಲನ್ನು ತೋರಿಸಿ ಕಾರಣವನ್ನು ಲಿಖಿತವಾಗಿ ಕೇಳಿ.

ಈ ತಡೆಯನ್ನು ದಾಟುವುದು ಕಾನೂನಿಗೆ ವಿರುದ್ಧವೇ?

ನೀವು ದುಡ್ಡು ಕೊಟ್ಟು ಕೊಂಡ ಕಾರ್ಟ್ರಿಜ್ ಅನ್ನು ನಿಮ್ಮ ಪ್ರಿಂಟರ್‌ನಲ್ಲಿ ಮರುತುಂಬಿ ಬಳಸುವುದರಲ್ಲಿ ಅಪರಾಧವಿದೆ ಎಂದು ನಾನು ಭಾವಿಸುವುದಿಲ್ಲ. ಈ ಕುರಿತ ದೊಡ್ಡ ವ್ಯಾಜ್ಯಗಳು ಅಮೆರಿಕದಲ್ಲಿ ನಡೆದಿವೆ. ಪ್ರಿಂಟರ್ ತಯಾರಿಸುವ ಲೆಕ್ಸ್‌ಮಾರ್ಕ್ ಕಂಪನಿಯ ಟೋನರ್ (ಲೇಸರ್ ಪ್ರಿಂಟರ್‌ನ ಪುಡಿ ಇಂಕ್) ಕಾರ್ಟ್ರಿಜ್ ಚಿಪ್‌ಗಳಿಗೆ ಬದಲಿ ಚಿಪ್ ತಯಾರಿಸಿದ ಸ್ಟ್ಯಾಟಿಕ್ ಕಂಟ್ರೋಲ್ ಕಂಪನಿಯ ಪರವಾಗಿ 2004ರಲ್ಲಿ ಅಲ್ಲಿನ ಆರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 2017ರ ಮೇ 30ರಂದು ಇಂಪ್ರೆಷನ್ ಪ್ರಾಡಕ್ಟ್ಸ್ ಮತ್ತು ಲೆಕ್ಸ್‌ಮಾರ್ಕ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಾರ್ಟ್ರಿಜ್ ಒಮ್ಮೆ ಮಾರಾಟವಾದ ಮೇಲೆ ಅದರ ಮರುಬಳಕೆಯನ್ನು ಪೇಟೆಂಟ್ ಹಕ್ಕಿನ ಬಲದಿಂದ ತಡೆಯಲಾಗದು ಎಂದು ಹೇಳಿತು.

ಎಕ್ಸ್‌ಪೈರಿ ದಿನಾಂಕದ ಕುರಿತಾಗಿಯೇ ಎಚ್‌ಪಿಯ ಮೇಲೆ ಗ್ರಾಹಕರು ಹೂಡಿದ ದಾವೆಯೊಂದಿತ್ತು. ಇಂಕ್ ಕಡಿಮೆಯಾಗಿದೆ ಎಂಬ ಸುಳ್ಳು ಎಚ್ಚರಿಕೆ, ಕಪ್ಪು ಮುದ್ರಣದಲ್ಲೂ ಬಣ್ಣದ ಇಂಕ್ ಖರ್ಚಾಗುವುದು ಎಂಬ ಇನ್ನೆರಡು ದೂರುಗಳ ಜೊತೆಗೆ ಅದು ರಾಜಿಯಾಯಿತು. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ, ಗ್ರಾಹಕರಿಗೆ ಒಟ್ಟು 50 ಲಕ್ಷ ಡಾಲರ್‌ವರೆಗಿನ ಖರೀದಿ ರಿಯಾಯಿತಿ ಕೊಡಲು ಮತ್ತು ಈ ವಿಷಯಗಳ ಬಗ್ಗೆ ಹೆಚ್ಚಿನ ಮಾಹಿತಿ ಪ್ರಕಟಿಸಲು ಒಪ್ಪಿತು. 2013ರ ಮೇ ತಿಂಗಳಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಆ ರಾಜಿಯ ಅನುಮೋದನೆಯನ್ನು ರದ್ದುಪಡಿಸಿತು, ಆದರೆ ಅದಕ್ಕೆ ಕಾರಣ ವಕೀಲರ ಶುಲ್ಕವನ್ನು ಲೆಕ್ಕ ಹಾಕಿದ ರೀತಿ, ಎಕ್ಸ್‌ಪೈರಿ ದಿನಾಂಕದ ಸರಿತಪ್ಪು ಅಲ್ಲ. ಈ ತೀರ್ಪುಗಳು ನಮ್ಮ ದೇಶವನ್ನು ಬಂಧಿಸುವುದಿಲ್ಲ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದಕ್ಕಾಗಿ ಜಾಲತಾಣವನ್ನು ಆರಂಭಿಸಿದೆ.

ಮರುತುಂಬಿದ ಕಾರ್ಟ್ರಿಜ್ ಅನ್ನು ಹೊಸದೆಂದು ಹೇಳಿ, ಅಸಲಿ ಪೆಟ್ಟಿಗೆಯಲ್ಲಿಟ್ಟು ಮಾರುವುದು ಬೇರೆ ವಿಷಯ. ಅದು ವಂಚನೆಯೇ, ಅದಕ್ಕೆ ನಾನು ಸಹಾಯ ಮಾಡುವುದಿಲ್ಲ.

ಕಾರ್ಟ್ರಿಜ್ ಬೇಗ ಹಾಳಾಗದಂತೆ ಹೇಗೆ ಇಟ್ಟುಕೊಳ್ಳಬೇಕು?

ಪೊಟ್ಟಣ ಒಡೆಯದೆ, ಪೆಟ್ಟಿಗೆಯ ಮೇಲಿನ ಬಾಣದ ಗುರುತಿನ ದಿಕ್ಕಿನಲ್ಲಿ, ಮನೆಯ ಅತ್ಯಂತ ತಂಪಾದ ಕಪಾಟಿನಲ್ಲಿ ಇಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಕಡೆಯವರು ಟೆರೇಸಿನ ಕೆಳಗಿನ ಅಟ್ಟದಲ್ಲಿ ಇಡಲೇಬಾರದು. ಫ್ರೀಜರ್‌ನಲ್ಲಿ ಇಡುವುದೂ ತಪ್ಪು, ಹೆಪ್ಪುಗಟ್ಟಿದ ಪಿಗ್ಮೆಂಟ್ ಇಂಕ್ ಕರಗಿದ ಮೇಲೆ ಮೊದಲಿನಂತಾಗುವುದಿಲ್ಲ. ಅಳವಡಿಸಿದ ದಿನದಿಂದ 30 ತಿಂಗಳ ಲೆಕ್ಕ ಶುರುವಾಗುವುದರಿಂದ ಬಿಡಿ ಕಾರ್ಟ್ರಿಜ್ ಸರಿಯಿದೆಯೇ ಎಂದು ನೋಡಲೆಂದು ಒಮ್ಮೆ ಹಾಕಿ ತೆಗೆಯುವ ಅಭ್ಯಾಸವನ್ನು ಬಿಡಿ. ಹಾಗೆ ಮಾಡಿದರೆ ಅಂದಿನ ತಾರೀಖು ಚಿಪ್‌ಗೆ ಬೀಳುತ್ತದೆ. ಬಳಕೆಯಲ್ಲಿರುವುದನ್ನು ಒಣಗದಂತೆ ಕಾಪಾಡಲು ವಾರಕ್ಕೊಂದು ಬಣ್ಣದ ಪುಟ ಮುದ್ರಿಸಿದರೆ ಸಾಕು.

ಇಂಕ್ ಟ್ಯಾಂಕ್ ಪ್ರಿಂಟರ್ ಕೊಂಡರೆ ಈ ತಾಪತ್ರಯವೇ ಇರುವುದಿಲ್ಲವಲ್ಲ?

ದಿನಾಂಕ ನೋಡುವ ಚಿಪ್‌ನ ತಾಪತ್ರಯ ಬಹುಮಟ್ಟಿಗೆ ಇರುವುದಿಲ್ಲ. ಬಾಟಲಿಯ ಮೇಲೂ ದಿನಾಂಕವಿರುತ್ತದೆ, ಆದರೆ ಅದನ್ನು ಓದುವುದು ನೀವೇ ಹೊರತು ಪ್ರಿಂಟರ್ ಅಲ್ಲ. ಹೆಡ್ ಪ್ರಿಂಟರ್‌ನಲ್ಲಿಯೇ ಉಳಿಯುವುದರಿಂದ ಹಳೆಯ ಇಂಕ್‌ನ ಅಪಾಯ ಇಲ್ಲಿಯೂ ಇದೆ, ಹನಿಯ ಪರೀಕ್ಷೆ ಇಲ್ಲಿಯೂ ಬೇಕು. ತಿಂಗಳಿಗೆ ನೂರಾರು ಪುಟ ಮುದ್ರಿಸುವವರು ಹಳೆಯ ಕಾರ್ಟ್ರಿಜ್ ಯಂತ್ರದೊಂದಿಗೆ ಹೆಣಗುವುದಕ್ಕಿಂತ ಟ್ಯಾಂಕ್ ಪ್ರಿಂಟರ್ ಕೊಳ್ಳುವುದು ಉಳಿತಾಯ.

ಪರೀಕ್ಷೆಯಲ್ಲಿ ಸೋತ ಇಂಕ್ ಮತ್ತು ಬಳಸಲಾಗದ ಕಾರ್ಟ್ರಿಜ್ ಅನ್ನು ಏನು ಮಾಡಬೇಕು?

ಇಂಕ್ ಅನ್ನು ಚರಂಡಿಗೆ ಅಥವಾ ಗಿಡಗಳ ಬುಡಕ್ಕೆ ಸುರಿಯಬೇಡಿ. ಹಳೆಯ ಬಟ್ಟೆಗೆ ಹೀರಿಸಿ, ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕಾರ್ಟ್ರಿಜ್‌ನೊಂದಿಗೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್‌ಗಳ ಜೊತೆಗೆ ಕಾರ್ಟ್ರಿಜ್‌ಗಳೂ ಸೇರಿವೆ. ಕವಚ ಒಡೆಯದೆ ಇದ್ದು ಚಿಪ್‌ಗೆ ಇನ್ನೂ ಅವಧಿಯಿದ್ದರೆ ಮಾತ್ರ ಕೊಡುವ ಮುನ್ನ ಹತ್ತಿರದ ರೀಫಿಲ್ ಅಂಗಡಿಯವರನ್ನು ಒಮ್ಮೆ ಕೇಳಿ ನೋಡಿ. ಅಂತಹ ಖಾಲಿ ಕವಚ ಇನ್ನೊಬ್ಬರ ಒಳ್ಳೆಯ ಇಂಕ್‌ಗೆ ಬೇಕಾಗಿರುತ್ತದೆ.